ಫರೀದೂನ್ ಅಂದ ಮೊದಲ ‘ಬೇಡ’

ಇರ್ವಿಂಗ್,
12 ಮಾರ್ಚ್ 2024

ಚಿದಾನಂದ್ ಅವರಿಗೆ,

ತುಂಗಾಳ ನಮಸ್ಕಾರ. ನೀವು ಆರೋಗ್ಯವಾಗಿದ್ದೀರಿ ಎಂದು ಗೊತ್ತಾಯಿತು, ಮೊನ್ನೆ ಶನಿವಾರ ಆಸ್ಟಿನ್‌ನಲ್ಲಿ ವೇದಿಕೆಯ ಮೇಲೆ ಕಣ್ಣಾರೆ ನೋಡಿದೆ. ಹೊಸ ಕೋಟು ಒಪ್ಪುತ್ತದೆ, ಭುಜ ಮಾತ್ರ ಸ್ವಲ್ಪ ದೊಡ್ಡದಾಯಿತು. ಯಾರೂ ಜೊತೆಗಿಲ್ಲದೆ ಅಂಗಡಿಗೆ ಹೋದರೆ ಹಾಗೇ ಆಗುತ್ತದೆ. ನಾನೂ ಚೆನ್ನಾಗಿದ್ದೇನೆ. ಉಭಯಕುಶಲೋಪರಿ ಇಲ್ಲಿಗೆ ಮುಗಿಯಿತು, ಇನ್ನು ಜಗಳಕ್ಕೆ ಬರುತ್ತೇನೆ.

ಕಾಗದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಫೋನ್ ಮಾಡಿದಾಗೆಲ್ಲ ನೀವು ಮೀಟಿಂಗ್‌ನಲ್ಲಿರುತ್ತೀರಿ. ಮೆಸೇಜ್ ಕಳಿಸಿದರೆ ಹೆಬ್ಬೆರಳಿನ ಚಿತ್ರವೊಂದು ವಾಪಸ್ ಬರುತ್ತದೆ. ವಿಚಾರಿಸಿದರೂ ಅದೇ ಹೆಬ್ಬೆರಳು, ಬೈದರೂ ಅದೇ ಹೆಬ್ಬೆರಳು. ನೀವು ಹೊಸ ಕೆಲಸ ಹಿಡಿದು ವುಡ್‌ಲ್ಯಾಂಡ್ಸ್‌ಗೆ ಶಿಫ್ಟ್ ಆದ ಮೇಲೆ ನಮ್ಮ ನಡುವೆ ಉಳಿದಿರುವ ಮಾತುಕತೆ ಅಷ್ಟೇ. ಕಾಗದವನ್ನಾದರೆ ಓದಬೇಕು, ಇಲ್ಲವೇ ಹರಿದು ಹಾಕಬೇಕು. ಕಾಗದ ಹರಿಯುವ ಜನ ನೀವಲ್ಲ. ಹಳೆಯ ಫ್ರಿಜ್ಜಿನ ಕೈಪಿಡಿಯನ್ನೂ ಫೈಲ್ ಮಾಡಿಟ್ಟವರು.

ಭಾಷಣಕ್ಕೆ ನನ್ನನ್ನು ಕರೆದವಳು ಇಂಚರಾ. ಅಪ್ಪ ಅವಳ ಯೂನಿವರ್ಸಿಟಿಯಲ್ಲಿ ಮಾತಾಡುತ್ತಾರೆ ಎಂದು ಮಗಳಿಗೆ ಹೆಮ್ಮೆ. ‘ಜಸ್ಟ್ ಕಮ್, ಅಮ್ಮಾ. ಯೂ ಡೋಂಟ್ ಹ್ಯಾವ್ ಟು ಟಾಕ್ ಟು ಹಿಮ್’ ಅಂದಳು. ಡ್ರೈವ್ ಮಾಡಿಕೊಂಡು ಹೋದೆ. ಕೊನೆಯ ಸಾಲಿನಲ್ಲಿ ಕೂತು, ‘ವಿದೇಶಿ ಸೇನೆ ಹಿಂದಿರುಗಿದ ಮೇಲೆ ಪ್ರಾದೇಶಿಕ ಸ್ಥಿರತೆ’ ಎಂಬ ದೊಡ್ಡ ಅಕ್ಷರಗಳ ಕೆಳಗೆ ನೀವು ಮೈಕು ಸರಿಮಾಡಿಕೊಳ್ಳುವುದನ್ನು ನೋಡಿದೆ. ನಿಜ ಹೇಳಬೇಕೆಂದರೆ ಆಗ ನನಗೂ ಸ್ವಲ್ಪ ಹೆಮ್ಮೆಯೇ ಆಯಿತು. ಅಫ್ಘಾನಿಸ್ತಾನದ ವಿದ್ಯುತ್ ಮಾರ್ಗಕ್ಕೆ ಅಷ್ಟು ವರ್ಷ ದುಡಿದವರು ಈ ಊರಿನ ಕನ್ನಡಿಗರಲ್ಲಿ ಇನ್ಯಾರಿದ್ದಾರೆ?

ಚೆನ್ನಾಗಿ ಮಾತಾಡಿದಿರಿ, ಇಲ್ಲವೆನ್ನುವುದಿಲ್ಲ. ಕಾಬೂಲಿಗೆ ಕರೆಂಟು ಬರುವುದು ಉಜ್ಬೇಕಿಸ್ತಾನದಿಂದ, ತಾಜಿಕಿಸ್ತಾನದಿಂದ. ಗದ್ದುಗೆಯ ಮೇಲೆ ಯಾರೇ ಕೂತರೂ ದೀಪ ಉರಿಯಲೇಬೇಕು, ನೆರೆಯವರಿಗೆ ದುಡ್ಡು ಬರಲೇಬೇಕು. ಸೈನಿಕರು ಹೋದರೂ ತಂತಿ ಹೋಗುವುದಿಲ್ಲ, ತಂತಿ ಇರುವವರೆಗೆ ನೆರೆಹೊರೆಯವರು ಪರಸ್ಪರ ಸಂಬಂಧವನ್ನು ಪೂರ್ತಿ ಕೆಡಿಸಿಕೊಳ್ಳುವುದಿಲ್ಲ, ಅದೇ ಸ್ಥಿರತೆಯ ಬೀಜ ಅಂದಿರಿ. ಜನ ತಲೆಯಾಡಿಸಿದರು. ನಿಮ್ಮ ನಕ್ಷೆಯಲ್ಲಿ ಬಾಣಗಳೋ ಬಾಣಗಳು. ಎಲ್ಲವೂ ಕರೆಂಟು ಹರಿಯುವ ಬಾಣಗಳು. ಅದೇ ಗಡಿಗಳನ್ನು ಗಂಟುಮೂಟೆ ಹೊತ್ತು ದಾಟಿದ ಜನಕ್ಕೆ, ಈಗ ನೆರೆಯ ದೇಶದವರು ಟ್ರಕ್ಕಿಗೆ ಹತ್ತಿಸಿ ವಾಪಸ್ ಅಟ್ಟುತ್ತಿರುವ ಜನಕ್ಕೆ, ಒಂದು ಬಾಣವೂ ಇರಲಿಲ್ಲ. ಪೇಪರ್ ಓದುವವರಿಗೆಲ್ಲ ಗೊತ್ತಿರುವ ಸಂಗತಿ ನಿಮ್ಮ ನಕ್ಷೆಗೆ ಹೇಗೆ ಗೊತ್ತಾಗಲಿಲ್ಲವೋ!

ಅದನ್ನೂ ನುಂಗಿಕೊಂಡೆ. ಆಮೇಲೆ ಪ್ರಶ್ನೆಗಳ ಹೊತ್ತಿನಲ್ಲಿ ಮುಂದಿನ ಸಾಲಿನ ಒಬ್ಬ ಹೆಂಗಸು ಎದ್ದು, ಆ ಮಾರ್ಗವನ್ನು ನಡೆಸುತ್ತಿದ್ದ ಅಲ್ಲಿನ ನೌಕರರ ಗತಿ ಏನಾಯಿತು ಎಂದು ಕೇಳಿದಳು. ನೀವು ಒಂದು ಕ್ಷಣವೂ ತಡವರಿಸಲಿಲ್ಲ. ನೌಕರರಿಗೆಲ್ಲ ಹೊರಬರುವ ಅವಕಾಶ ಕೊಟ್ಟಿದ್ದೆವು, ಕೆಲವರು ನಿರಾಕರಿಸಿದರು ಅಂದಿರಿ. ನೀರು ಕುಡಿದಿರಿ. ನೆಕ್ಸ್ಟ್ ಕ್ವೆಶ್ಚನ್ ಅಂದಿರಿ.

ನಾನು ಎದ್ದು ಹೊರಗೆ ಬಂದೆ. ಬಾಗಿಲು ಸದ್ದಾಗಿದ್ದು ನನ್ನಿಂದಲೇ. ಪಾರ್ಕಿಂಗ್‌ನಲ್ಲಿ ಕಾರಿನ ಬಾನೆಟ್ಟಿಗೆ ಒರಗಿ ನಿಂತೆ. ಇಂಚರಾ ಓಡಿಬಂದು, ಅಪ್ಪ ಬಾಗಿಲ ಕಡೆಗೇ ನೋಡುತ್ತಾ ಎರಡು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರು ಎಂದು ಹೇಳಿದಳು. ಹಾಗಾದರೆ ಅಷ್ಟಾದರೂ ತಟ್ಟಿದೆ ಅಂದುಕೊಂಡೆ.

ಆ ‘ಕೆಲವರಲ್ಲಿ’ ಒಬ್ಬನ ಹೆಸರು ಫರೀದೂನ್. ನಿಮ್ಮ ಕೈಕೆಳಗೆ, ಕಾಬೂಲಿನ ಉತ್ತರಕ್ಕಿರುವ ಪುಲ್-ಎ-ಖುಮ್ರಿಯ ಸಬ್‌ಸ್ಟೇಷನ್‌ನಲ್ಲಿ ಪಾಳಿ ಎಂಜಿನಿಯರ್ ಆಗಿದ್ದವನು. ವಿಪರೀತ ಮಾತುಗಾರ. ನೀವು ವಿಡಿಯೊ ಕಾಲ್ ಮಾಡಿದಾಗ ಹಿಂದಿನಿಂದ ತಲೆ ತೂರಿಸಿ, ಅತ್ತಿಗೆಯನ್ನು ಕರೆಯುವ ಹಾಗೆ ‘ಭಾಭಿ, ಭಾಭಿ’ ಎಂದು ತನ್ನ ಸಿನಿಮಾ ಹಿಂದಿಯಲ್ಲಿ ನನ್ನ ತಲೆ ತಿನ್ನುತ್ತಿದ್ದ. ನಾನು ಕಳಿಸಿದ ಚಟ್ನಿಪುಡಿಗೆ ಔಷಧಿಯ ವಾಸನೆ ಎಂದು ಹೇಳಿ ಡಬ್ಬಿ ಖಾಲಿ ಮಾಡಿದ್ದ. ತನ್ನ ಊರಿನ ಕರಬೂಜದ ಮುಂದೆ ಜಗತ್ತಿನ ಹಣ್ಣೆಲ್ಲ ಸಪ್ಪೆ ಅನ್ನುವ ಜಂಭ ಬೇರೆ. ಅವನ ವಿಷಯ ಬಂದರೆ ನೀವೇ ನಗುತ್ತಿದ್ದಿರಿ.

ಅವನು ನಿರಾಕರಿಸಿದನೇ? ಯೋಚನೆ ಮಾಡಿ ಹೇಳಿ.

ನಿಮಗೆ ನೆನಪಿಲ್ಲದಿದ್ದರೆ ನಾನು ನೆನಪಿಸುತ್ತೇನೆ. ಧಾರವಾಡಕ್ಕೆ ನನ್ನನ್ನು ನೋಡಲು ನೀವು, ನಿಮ್ಮ ಮನೆಯವರೆಲ್ಲ ಮೈಸೂರಿನಿಂದ ಬಂದಿದ್ದಿರಿ. ಪಕ್ಕದ ಮನೆಯ ಸಂಗಮೇಶ ಕಾಕಾ ಹೋಳಿಗೆ ಬಡಿಸುತ್ತಾ ನಿಮ್ಮ ಎಲೆಯ ಹತ್ತಿರ ಬಂದರು. ನೀವು ‘ಬೇಡ, ಬೇಡ’ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದಿರಿ. ಕಾಕಾಗೆ ಅಂದು ಏನು ಅವಸರವಿತ್ತೋ, ‘ಬ್ಯಾಡಂದ್ರ ಬಿಡ್ರಿ, ಹುಡುಗಗ ಹೊಟ್ಟಿ ತುಂಬೇತಿ’ ಎಂದು ತಟ್ಟೆ ಒಳಗೆ ಒಯ್ದುಬಿಟ್ಟರು. ನಿಮ್ಮ ಮುಖ ನೋಡಬೇಕಿತ್ತು! ಮದುವೆಯಾಗಿ ಎಷ್ಟೋ ವರ್ಷ ಆ ಹೋಳಿಗೆಯ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡಿರಿ. ‘ನಿಮ್ಮ ಕಡೆಯವರಿಗೆ ಇನ್ನೊಂದ್ ಸಲ ಕೇಳೋಕೆ ಏನು ಕಷ್ಟ? ಸಂಕೋಚಕ್ಕೆ ಬೇಡ ಅಂದ್ರೆ ಅದು ಬೇಡ ಅಂತಾನಾ?’ ಈ ಮಾತನ್ನು ನೀವು ನಮ್ಮ ಮನೆಗೆ ಬಂದವರ ಮುಂದೆಲ್ಲ ಹೇಳಿದ್ದೀರಿ. ನಮ್ಮ ಊಟದ ಮೇಜಿನಲ್ಲಿ ಯಾರೂ ಮೊದಲ ಸಲಕ್ಕೆ ಬೇಡ ಎಂದು ಪಾರಾಗಿದ್ದಿಲ್ಲ. ಇಂಚರಾಳ ಅಮೆರಿಕನ್ ಗೆಳತಿಯರು ನಿಮಗೆ ಹೆದರಿ ಹೊಟ್ಟೆ ಖಾಲಿ ಇಟ್ಟುಕೊಂಡೇ ಬರುತ್ತಿದ್ದರು.

ಇನ್ನೊಂದು ಸಂಜೆ ಹೇಳಲೇ? ನೀವು ಕಾಬೂಲಿನಲ್ಲಿ ಫರೀದೂನ್ ಮನೆಗೆ ಊಟಕ್ಕೆ ಹೋಗಿದ್ದಿರಿ. ನೀವು ಮಾಂಸ ತಿನ್ನುವುದಿಲ್ಲವೆಂದು ಅವನ ತಾಯಿ ಆಲೂಗೆಡ್ಡೆ ತುಂಬಿದ ರೊಟ್ಟಿ ಮಾಡಿದ್ದರಂತೆ. ಅಲ್ಲಿಂದಲೇ ನನಗೆ ಫೋನ್ ಮಾಡಿ ಖುಷಿಯಿಂದ ಕೂಗಿದಿರಿ. ‘ತುಂಗಾ, ಥೇಟ್ ನಮ್ ಜನ ಕಣೇ! ನಾನು ಕೈ ಅಡ್ಡ ಇಟ್ರೆ ಆಯಮ್ಮ ಕೈ ತಳ್ಳಿ ಹಾಕಿದ್ರು. ಒಂದ್ ಸಲ ಬೇಡ ಅಂದ್ರೆ ಇಲ್ಲೂ ಲೆಕ್ಕಕ್ಕಿಲ್ಲ!’ ಹೀಗೆಂದು ಹೇಳಿದವರು ನೀವು. ನಾನು ಕಟ್ಟಿ ಹೇಳುತ್ತಿಲ್ಲ. ಆವತ್ತು ನನಗೂ ಸಮಾಧಾನವಾಗಿತ್ತು, ಅಷ್ಟು ದೂರದಲ್ಲಿ ಕೈ ತಳ್ಳಿ ಬಡಿಸುವವರು ಒಬ್ಬರಿದ್ದಾರಲ್ಲ ಎಂದು.

ಅಂಥ ನೀವು 2021ರ ಆ ಆಗಸ್ಟಿನಲ್ಲಿ ಏನು ಮಾಡಿದಿರಿ? ಸೇನೆ ಹೊರಡುತ್ತಿತ್ತು. ಊರುಗಳು ಒಂದೊಂದಾಗಿ ಬೀಳುತ್ತಿದ್ದವು. ಕಂಪನಿಯವರು ನಿಮ್ಮಂಥ ಮೇಲಧಿಕಾರಿಗಳಿಗೆ ಹೆಸರುಗಳನ್ನು ಹಂಚಿ, ಒಬ್ಬೊಬ್ಬರಿಗೂ ಫೋನ್ ಮಾಡಿ, ಹೊರಡುವವರ ಪಟ್ಟಿಗೆ ಸೇರುತ್ತಾರೋ ಇಲ್ಲವೋ ಕೇಳಿ ಬರೆಯಿರಿ ಎಂದಿದ್ದರು. ನೀವು ಇದೇ ಇರ್ವಿಂಗ್ ಮನೆಯಲ್ಲಿ ಕೂತು ಎಲ್ಲರಿಗೂ ಫೋನ್ ಮಾಡಿದಿರಿ. ನಾನು ಆಸ್ಪತ್ರೆಯ ಕೆಲಸ ಮುಗಿಸಿ ಬಂದಾಗ ನಿಮ್ಮ ದನಿ ಬಿದ್ದುಹೋಗಿತ್ತು. ‘ಫರೀದೂನ್ ಬರಲ್ವಂತೆ, ಅಲ್ಲೇ ಇರ್ತಾನಂತೆ’ ಅಂದಿರಿ. ವಯಸ್ಸಾದ ತಾಯಿ ಇದ್ದಾರೆ, ಬಿಟ್ಟು ಬರಲು ಮನಸ್ಸಿಲ್ಲವೇನೋ ಎಂದು ನಾನು ನಂಬಿದೆ. ನೀವು ಹೇಳಿದ್ದನ್ನು ನಂಬುವುದು ಆಗ ನನಗೆ ಅಭ್ಯಾಸವಾಗಿತ್ತು.

ನಿಜ ಗೊತ್ತಾಗಿದ್ದು ಹೋದ ದೀಪಾವಳಿಗೆ. ನೀವು ಅವನ ಫೋನ್ ತೆಗೆಯುವುದನ್ನು ಬಿಟ್ಟಮೇಲೆ ಅವನು ನನಗೆ ಮಾಡುತ್ತಿದ್ದ. ತಾಯಿ ತೀರಿಕೊಂಡ ಮೇಲೆ ಹೆಂಡತಿ ಪರ್ವಾನಾಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಗಡಿ ದಾಟಿ ಇಸ್ಲಾಮಾಬಾದ್ ಸೇರಿದ್ದ. ಅಮೆರಿಕನ್ನರ ಜೊತೆ ಕೆಲಸ ಮಾಡಿದವನು ಎಂದು ಹೊಸದಾಗಿ ಗದ್ದುಗೆ ಹಿಡಿದವರು ಊರಿನಲ್ಲಿ ಅವನನ್ನು ಹುಡುಕಿಕೊಂಡು ಬಂದಿದ್ದರಂತೆ. ಅಷ್ಟು ಕಷ್ಟದಲ್ಲೂ ಹಬ್ಬದ ಶುಭಾಶಯ ಹೇಳಿದ, ಇಸ್ಲಾಮಾಬಾದಿನ ಕರಬೂಜವನ್ನು ಬೈದ. ನಾನು ಸುಮ್ಮನಿರಲಾರದೆ, ಅಷ್ಟು ಒಳ್ಳೆಯ ಅವಕಾಶ ಬಂದಾಗ ಯಾಕಪ್ಪಾ ಬೇಡ ಅಂದೆ ಎಂದು ಕೇಳಿದೆ. ‘ಜಾನೇ ದೀಜಿಯೇ, ಭಾಭಿ’, ಹೋಗಲಿ ಬಿಡಿ ಎಂದು ನಕ್ಕ. ಮತ್ತೆ ಕೇಳಿದೆ. ಮಕ್ಕಳ ಓದಿನ ವಿಷಯ ತೆಗೆದ. ಮೂರನೆಯ ಸಲ ಕೇಳಿದಾಗ ಅವನ ದನಿ ಬದಲಾಯಿತು.

ನಿಮ್ಮ ಫೋನ್ ಬಂದಾಗ ಮನೆಯವರೆಲ್ಲ ಸುತ್ತ ನಿಂತಿದ್ದರಂತೆ, ತಾಯಿಯೂ. ಪಟ್ಟಿಯಲ್ಲಿ ನಿನ್ನ ಹೆಸರು ಹಾಕಬೇಕಾ ಎಂದು ನೀವು ಕೇಳಿದಿರಿ. ಅವನು ಎದೆಯ ಮೇಲೆ ಕೈಯಿಟ್ಟು, ಬೇಡ ಸಾಬ್, ನಿಮಗೆ ಮೊದಲೇ ಎಷ್ಟೊಂದು ಜನರ ಚಿಂತೆ, ನನಗಾಗಿ ತೊಂದರೆ ತಗೋಬೇಡಿ ಅಂದ. ಹಾಗನ್ನದೆ ಇನ್ನೇನು ಅನ್ನಬೇಕಿತ್ತು ಅವನು? ದೊಡ್ಡವರು ಒಂದು ಉಪಕಾರ ಮಾಡಲು ಬಂದರೆ ಮೊದಲ ಮಾತಿಗೇ ಕೈಚಾಚುತ್ತಾರೆಯೇ? ನೀವು ಗದರಿಸುತ್ತೀರಿ, ಹೆಸರು ಬರೆದುಕೊಳ್ಳುತ್ತೀರಿ ಎಂದು ಅವನಿಗೆ ಖಾತ್ರಿಯಿತ್ತು. ನೀವು ‘ಓಕೆ, ಟೇಕ್ ಕೇರ್’ ಎಂದು ಫೋನ್ ಇಟ್ಟಿರಿ. ಪರ್ವಾನಾ, ನೀವೇ ವಾಪಸ್ ಮಾಡಿ ಎಂದು ಅತ್ತಳಂತೆ. ಬೇಡವೆಂದ ಬಾಯಲ್ಲಿ ಹೇಗೆ ಕೇಳಲಿ, ಅವರು ನಮ್ಮ ಮನೆಯಲ್ಲಿ ಉಂಡವರು, ಅವರೇ ಮತ್ತೆ ಮಾಡುತ್ತಾರೆ ಅಂದನಂತೆ. ಕಾದ. ಕೊನೆಗೆ ನಾಚಿಕೆ ಬಿಟ್ಟು ಫೋನ್ ಮಾಡಿದಾಗ ಪಟ್ಟಿ ಕಂಪನಿಗೆ ಹೋಗಿಯಾಗಿತ್ತು.

ಅಲ್ಲ ರೀ, ಹೋಳಿಗೆಗೆ ಎರಡನೆಯ ಸಲ ಕೇಳಬೇಕು ಅನ್ನುವ ಮನುಷ್ಯ, ಪ್ರಾಣಕ್ಕೆ ಒಂದೇ ಸಲ ಕೇಳುತ್ತಾನೆಯೇ?

ನನಗೆ ಗೊತ್ತು ನಿಮ್ಮ ಉತ್ತರ. ಅವಸರವಿತ್ತು, ಪಟ್ಟಿ ಉದ್ದವಿತ್ತು, ಎರಡು ಕಡೆಯೂ ಲೈನು ಕಡಿಯುತ್ತಿತ್ತು. ಒಪ್ಪಿದೆ. ಇನ್ನೊಂದು ಕಾರಣವೂ ಇದೆ, ಅದನ್ನು ನೀವು ಹೇಳುವುದಿಲ್ಲ. ಈ ದೇಶದಲ್ಲಿ ಆಫೀಸಿನವರು ನಮಗೆ ಕಲಿಸಿದ್ದಾರೆ, ನೋ ಅಂದರೆ ನೋ, ಮತ್ತೆ ಕೇಳಿದರೆ ಅಗೌರವ. ಒಳ್ಳೆಯ ಪಾಠವೇ, ನಮ್ಮ ಮಗಳಿಗೆ ನಾನೂ ಅದನ್ನೇ ಹೇಳಿಕೊಟ್ಟಿದ್ದೇನೆ. ಆದರೆ ನೀವು ಮನೆಯಲ್ಲಿ ಒಬ್ಬ ಮನುಷ್ಯ, ಫಾರಂ ಮುಂದೆ ಇನ್ನೊಬ್ಬ. ಕನ್ನಡದಲ್ಲಿ ಕೇಳಿಸಿಕೊಳ್ಳುವ ಕಿವಿಯನ್ನು ಇಂಗ್ಲಿಷಿನಲ್ಲಿ ಮಾತಾಡುವಾಗ ಮುಚ್ಚಿಡುತ್ತೀರಿ. ನಾನು ಆಸ್ಪತ್ರೆಯಲ್ಲಿ ಡಯಟೀಶಿಯನ್, ದೊಡ್ಡ ರಾಜಕೀಯ ನನಗೆ ತಿಳಿಯದು. ಆದರೆ ಊಟ ಬೇಡವೆಂದ ರೋಗಿಯ ಟ್ರೇಯನ್ನು ನಾನು ಸುಮ್ಮನೆ ಎತ್ತಿಸುವುದಿಲ್ಲ. ಯಾಕೆ ಬೇಡ ಎಂದು ಪಕ್ಕದಲ್ಲಿ ಕೂತು ಕೇಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಫರೀದೂನನ ವೀಸಾ ಅರ್ಜಿ ತಿರಸ್ಕಾರವಾಗಿದೆ. ಅವನ ಕೆಲಸದ ಬಗ್ಗೆ ವಿಚಾರಿಸಿದಾಗ ಕಂಪನಿಯ ಕಡತದಲ್ಲಿ ಸಿಕ್ಕಿದ್ದು ನಿಮ್ಮ ಒಂದು ಪದ, ‘ಡಿಕ್ಲೈನ್ಡ್’. ಮೇಲಧಿಕಾರಿಯ ಶಿಫಾರಸೂ ಇಲ್ಲ. ಇಂಚರಾ ಓದುತ್ತಿರುವ ಲಾ ಕಾಲೇಜಿನಲ್ಲಿ ವಿದ್ಯಾರ್ಥಿಗಳು ನಡೆಸುವ ಕಾನೂನು ನೆರವಿನ ಕೇಂದ್ರದವರು ಅಪೀಲು ತೆಗೆದುಕೊಂಡಿದ್ದಾರೆ. ಅಪ್ಪನೇ ಸಾಕ್ಷಿಯಾದ್ದರಿಂದ ಅವಳು ಆ ಕೇಸು ಮುಟ್ಟುವ ಹಾಗಿಲ್ಲ, ಅವಳ ಮೇಷ್ಟ್ರು ನೋಡುತ್ತಿದ್ದಾರೆ. ಅವರ ಮಾತು ಸ್ಪಷ್ಟ. ಆ ದಿನ ಫೋನಿನಲ್ಲಿ ಪ್ರಶ್ನೆ ಕೇಳಿದವರು ಯಾರೋ ಅವರೇ, ಅದು ನಿಜವಾದ ನಿರಾಕರಣೆ ಆಗಿರಲಿಲ್ಲ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಬೇರೆ ಯಾರು ಬರೆದರೂ ನಡೆಯುವುದಿಲ್ಲ. ಈ ತಿಂಗಳ ಕೊನೆಗೆ ಗಡುವು.

ಇಂಚರಾ ಮಗಳಾಗಿ ನಿಮಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದ್ದಾಳೆ. ನೀವು ‘ನಾನು ಕೇಳಿದೆ, ಅವನು ಬೇಡ ಅಂದ. ಸುಳ್ಳು ಅಫಿಡವಿಟ್ ಬರ್ಕೊಡೋಕೆ ನನ್ ಕೈಲಾಗಲ್ಲ ಪುಟ್ಟಾ’ ಎಂದು ಫೋನ್ ಇಟ್ಟುಬಿಟ್ಟಿರಂತೆ. ಹರಿಶ್ಚಂದ್ರ! ಆ ಹುಡುಗಿ ನನಗೆ ಫೋನ್ ಮಾಡಿ, ‘ಹೀ ಸೌಂಡೆಡ್ ಸ್ಕೇರ್ಡ್, ಅಮ್ಮಾ’ ಅಂದಳು. ಸಿಟ್ಟಿನಲ್ಲಿ ನನಗೆ ಅದು ಹೊಳೆದಿರಲಿಲ್ಲ. ಆಮೇಲೆ ಯೋಚಿಸಿದೆ. ನಿಮಗೆ ಯಾವುದರ ಭಯ ಎಂದು ಈಗ ಗೊತ್ತಾಗಿದೆ.

ಒಂದು ಬೇಡ ಸುಳ್ಳೆಂದು ಒಪ್ಪಿದರೆ ಆ ಪಟ್ಟಿಯ ಉಳಿದ ಬೇಡಗಳೆಲ್ಲ ಎದ್ದು ನಿಲ್ಲುತ್ತವೆ, ಅಲ್ಲವೇ? ಅವರಲ್ಲಿ ಎಷ್ಟು ಜನ ಎದೆಯ ಮೇಲೆ ಕೈಯಿಟ್ಟುಕೊಂಡು ನಿಮ್ಮ ಎರಡನೆಯ ಮಾತಿಗೆ ಕಾದರೋ. ಫೋನಿನಲ್ಲಿ ಕೈ ಕಾಣುವುದಿಲ್ಲ. ಅದಕ್ಕೇ ಕಾಬೂಲು ಬಿದ್ದ ಮೇಲೆ ನೀವು ವಾರಗಟ್ಟಲೆ ಟಿವಿಯ ಮುಂದೆ ಕೂತಿರಿ, ಆಮೇಲೆ ಒಂದು ದಿನ ಟಿವಿ ಹಾಕುವುದನ್ನೇ ಬಿಟ್ಟಿರಿ, ಆಮೇಲೆ ನನ್ನ ಜೊತೆ ಮಾತು ಬಿಟ್ಟಿರಿ. ನಾನು ಕಾರಣ ಕೇಳಿ ಕೇಳಿ ಸೋತೆ. ಈಗ ಸ್ಥಿರತೆಯ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದೀರಿ, ಡಲ್ಲಾಸ್‌ನಲ್ಲೂ ಇದೆಯಂತೆ ಮುಂದಿನ ತಿಂಗಳು. ಅಲ್ಲಿ ಎಲ್ಲವೂ ಸರಿಯಿದೆ, ದೀಪ ಉರಿಯುತ್ತಿದೆ ಎಂದು ನೂರು ಜನರಿಗೆ ಹೇಳಿದರೆ ನಿಮಗೆ ನಿದ್ದೆ ಬರುತ್ತದೆಯೇ? ನನಗಂತೂ ಬರುತ್ತಿಲ್ಲ.

ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಉಳಿದವರೂ ಇರಬಹುದು. ಇದ್ದರೆ ಅವರಿಗೂ ಹೀಗೇ ಬರೆದುಕೊಡಬೇಕಾಗುತ್ತದೆ. ಮೊದಲು ಹೆಸರು ಗೊತ್ತಿರುವವನಿಗೆ ಬರೆಯಿರಿ.

ಸುಳ್ಳು ಬರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಹೀಗೆ ಬರೆದರೆ ಸಾಕು: ನಾನು ಫರೀದೂನನನ್ನು ಒಂದು ಸಲ ಕೇಳಿದೆ. ಅವನು, ನನಗಾಗಿ ತೊಂದರೆ ತಗೋಬೇಡಿ ಅಂದ. ಅವನ ಮನೆಯಲ್ಲಿ ನಾನು ಉಂಡಿದ್ದೇನೆ. ಅವನ ಜನರಲ್ಲೂ ನನ್ನ ಜನರಲ್ಲೂ ಮೊದಲ ಸಲ ಬೇಡ ಅನ್ನುವುದು ಮರ್ಯಾದೆಯ ಮಾತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಎರಡನೆಯ ಸಲ ಕೇಳಲಿಲ್ಲ, ನಿರಾಕರಿಸಿದ ಎಂದು ಬರೆದೆ. ಇದರಲ್ಲಿ ಸುಳ್ಳು ಎಲ್ಲಿದೆ, ತೋರಿಸಿ. ಸುಳ್ಳು ಇರುವುದು ಕಂಪನಿಯ ಕಡತದಲ್ಲಿರುವ ಆ ಒಂದು ಪದದಲ್ಲಿ. ನಿಮ್ಮ ಹೆಸರಿಗೆ ಕುಂದು ಬರುತ್ತದೆ, ಭಾಷಣಕ್ಕೆ ಕರೆಯುವವರು ಕಡಿಮೆಯಾಗಬಹುದು. ಆಗಲಿ ಬಿಡಿ. ಒಬ್ಬ ಮನುಷ್ಯ, ಅವನ ಹೆಂಡತಿ, ಇಬ್ಬರು ಮಕ್ಕಳು ಅದಕ್ಕಿಂತ ಹೆಚ್ಚು ತೂಗುತ್ತಾರೆ.

ನಾವಿಬ್ಬರು ಬೇರೆ ಬೇರೆ ಊರಿನಲ್ಲಿರುವುದಕ್ಕೂ ಇದಕ್ಕೂ ಗಂಟು ಹಾಕಬೇಡಿ. ಸಹಿ ಹಾಕಿದರೆ ತುಂಗಾ ಸಮಾಧಾನವಾಗುತ್ತಾಳೆ, ಮನೆಗೆ ಕರೆಯುತ್ತಾಳೆ ಎಂಬ ಲೆಕ್ಕಾಚಾರ ಬೇಡ. ಹಾಕದಿದ್ದರೆ ಏನಾಗುತ್ತದೆ ಎಂದು ಮಾತ್ರ ಹೇಳಬಲ್ಲೆ. ಇನ್ನು ಮುಂದೆ ನಿಮ್ಮ ಹೆಬ್ಬೆರಳಿನ ಚಿತ್ರ ಕೂಡ ನನಗೆ ಬರುವುದಿಲ್ಲ, ನಿಮ್ಮ ನಂಬರನ್ನೇ ತೆಗೆದುಹಾಕುತ್ತೇನೆ. ಇದನ್ನು ಬರೆಯುವಾಗ ನನಗೆ ಅಳು ಬಂತು, ಅದನ್ನೂ ಬರೆದಿದ್ದೇನೆ. ನನಗೆ ಇನ್ನು ಏನನ್ನೂ ಮುಚ್ಚಿಟ್ಟುಕೊಳ್ಳುವ ತ್ರಾಣವಿಲ್ಲ.

ಊಟ ಸರಿಯಾಗಿ ಮಾಡಿ. ವೇದಿಕೆಯ ಮೇಲೆ ಕೆನ್ನೆ ಒಳಗೆ ಹೋಗಿದ್ದು ಕೊನೆಯ ಸಾಲಿಗೂ ಕಾಣುತ್ತಿತ್ತು.

ಇನ್ನೂ ನಿಮ್ಮ ಮೇಲೆ ಸಿಟ್ಟಿರುವ,
ತುಂಗಾ

ತಾ.ಕ.: ಶನಿವಾರ ಬೆಳಗ್ಗೆ, ವುಡ್‌ಲ್ಯಾಂಡ್ಸ್.

ಏನನ್ನೂ ಮುಚ್ಚಿಡುವ ತ್ರಾಣವಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದೊಂದು ಸುಳ್ಳು. ಭಾನುವಾರವೇ ಪರ್ವಾನಾ ಫೋನ್ ಮಾಡಿದ್ದಳು. ನೀವು ಆಸ್ಟಿನ್‌ನಲ್ಲಿ ಭಾಷಣ ಮಾಡಿದ ಮರುದಿನ. ಫರೀದೂನ್ ಬ್ರೆಡ್ ತರಲು ಹೋದವನನ್ನು ಪೊಲೀಸರು ಹಿಡಿದು, ತೋರ್ಖಮ್ ಗಡಿಯ ಆಚೆಗೆ, ಅಫ್ಘಾನಿಸ್ತಾನಕ್ಕೇ ದಾಟಿಸಿಬಿಟ್ಟಿದ್ದಾರೆ. ಒಮ್ಮೆ ಮಾತ್ರ ಯಾರದೋ ಫೋನಿನಿಂದ ಮಾತಾಡಿದ, ಎಲ್ಲೋ ಅಡಗಿದ್ದಾನಂತೆ. ಹೆಂಡತಿ, ಮಕ್ಕಳು ಇಸ್ಲಾಮಾಬಾದಿನಲ್ಲೇ ಇದ್ದಾರೆ, ಬಾಗಿಲು ಹಾಕಿಕೊಂಡು. ಇದನ್ನು ಮೊದಲೇ ಬರೆದಿದ್ದರೆ ನೀವು ಎದೆ ಒಡೆದುಕೊಂಡು, ಇನ್ನೇನು ಪ್ರಯೋಜನ ಎಂದು ಕಾಗದ ಮಡಚಿ ಫೈಲ್ ಮಾಡುತ್ತಿದ್ದಿರಿ. ಪ್ರಯೋಜನ ಇದೆ. ಮೇಷ್ಟ್ರನ್ನು ಕೇಳಿದ್ದೇನೆ. ಅವನು ಎಲ್ಲೇ ಇದ್ದರೂ ಅಪೀಲು ನಡೆಯುತ್ತದೆ, ಗೆದ್ದರೆ ನಾಲ್ವರಿಗೂ ದಾರಿಯಾಗುತ್ತದೆ.

ಈ ಕಾಗದವನ್ನು ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ಪೇರ್ಲ್ಯಾಂಡ್‌ನ ವಾಸುದೇವ ಅಂಕಲ್ ಈಗ ನೋಟರಿ ಆಗಿದ್ದಾರೆ. ನಿನ್ನೆ ಹೆದ್ದಾರಿಯಲ್ಲಿ ನಿಮ್ಮ ಮನೆಯ ಎಕ್ಸಿಟ್ ದಾಟಿ ಅಷ್ಟು ದೂರ ಹೋಗಿ, ಅವರ ಮನೆಯಲ್ಲೇ ಉಳಿದು, ಈಗ ಅವರನ್ನು ಸೀಲಿನ ಸಮೇತ ಕರೆತಂದಿದ್ದೇನೆ. ಮೆಟ್ಟಿಲ ಹತ್ತಿರ ನಿಂತು ಮೊಣಕಾಲು ಉಜ್ಜಿಕೊಳ್ಳುತ್ತಿದ್ದಾರೆ.

ನೀವು ಓದಿ ಮುಗಿಸುವವರೆಗೆ ಕಾಯುತ್ತೇನೆ. ಆಮೇಲೆ ಬಾಗಿಲು ತಟ್ಟುತ್ತೇನೆ. ನೀವು ಆಗಲ್ಲ ಅನ್ನುತ್ತೀರಿ. ಮತ್ತೆ ತಟ್ಟುತ್ತೇನೆ.